ಮನೋರೋಗದೊಡನೆ ಬದುಕು: ಔಷಧದ ಜೊತೆಗೆ ಕೈಗೊಂದು ಕೆಲಸ

ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆ ಹಾಗೂ ತೀವ್ರ ಖಿನ್ನತೆ ಬಹುಕಾಲ ಉಳಿಯಬಲ್ಲ ಅಥವಾ ಮರುಕಳಿಸಬಲ್ಲ ಮನೋರೋಗಗಳು. ಚಿಕಿತ್ಸೆಯಿಂದ ಇವುಗಳ ಲಕ್ಷಣಗಳು ಬಹುಮಟ್ಟಿಗೆ ಹತೋಟಿಗೆ ಬರುತ್ತವೆ. ಆದರೆ ಅನಂತರ ದಿನವನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆಗೆ ವೈದ್ಯರ ಚೀಟಿಯಲ್ಲಿ ಉತ್ತರವಿರುವುದಿಲ್ಲ. ಮನೆಯವರು ಅಕ್ಕರೆಯಿಂದಲೇ 'ನೀನು ಸುಮ್ಮನೆ ಕೂತಿರು' ಎನ್ನುತ್ತಾರೆ. ಹಾಗೆ ಕೂತ ತಿಂಗಳುಗಳು ವರ್ಷಗಳಾಗುವುದುಂಟು.

ಈ ಪ್ರಶ್ನೆಗೆ ಉತ್ತರ ಹುಡುಕಿದ ಕೆಲಸವೊಂದು ತುಮಕೂರು ಜಿಲ್ಲೆಯಲ್ಲಿಯೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರು ಮೊದಲು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ, ಬಳಿಕ ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಊರಿನ ಸಮೀಪದಲ್ಲಿಯೇ ಚಿಕಿತ್ಸೆ ನೀಡುತ್ತ ವರ್ಷಗಟ್ಟಲೆ ಅವರ ಸ್ಥಿತಿಗತಿಯನ್ನು ಗಮನಿಸಿದರು. ಔಷಧ ಪಡೆಯುತ್ತಿದ್ದವರಲ್ಲಿ ದೈನಂದಿನ ಅಸಾಮರ್ಥ್ಯ ಪಡೆಯದವರಿಗಿಂತ ಕಡಿಮೆಯಿತ್ತು. ತೀರ್ಥಹಳ್ಳಿಯ ನಾಲ್ಕು ವರ್ಷಗಳ ಅನುಸರಣೆಯಲ್ಲಿ ಬಹುಪಾಲು ಮಂದಿ ಒಂದಲ್ಲ ಒಂದು ಕೆಲಸವನ್ನು ತೃಪ್ತಿಕರವಾಗಿ ಮಾಡುತ್ತಿದ್ದುದು ಕಂಡುಬಂತು. ಹಳ್ಳಿಯ ದುಡಿಮೆಗೆ ಇಲ್ಲೊಂದು ಅನುಕೂಲವಿದೆ: ಅರ್ಧ ದಿನ ಮಾತ್ರ ಶಕ್ತಿಯಿರುವವನಿಗೂ ತೋಟದಲ್ಲಿ, ಕೊಟ್ಟಿಗೆಯಲ್ಲಿ ಅರ್ಧ ದಿನದ ಕೆಲಸ ಸಿಗುತ್ತದೆ. ನಗರದ ಕಚೇರಿಯಲ್ಲಿ ಅದು ಸುಲಭವಲ್ಲ.

ಕೆಲಸವನ್ನು ಚಿಕಿತ್ಸೆಯ ಅಂಗವಾಗಿ ಕಾಣುವ ಪದ್ಧತಿ ನಿಮ್ಹಾನ್ಸ್‌ನಲ್ಲಿ ಹಳೆಯದು. ಅಲ್ಲಿನ ಪುನರ್ವಸತಿ ವಿಭಾಗದ ಬೇಕರಿ ಬೆಂಗಳೂರಿಗರಿಗೆ ಪರಿಚಿತ. ಅದರ ಹಿಂದಿರುವ ತತ್ವ ಸರಳ. ಮನಸ್ಸು ಬಂದಾಗ ಮಾಡುತ್ತೇನೆಂದು ಕಾಯುವ ಖಿನ್ನ ವ್ಯಕ್ತಿಗೆ ಮನಸ್ಸು ಬರುವುದೇ ಇಲ್ಲ; ಕಾಯಿಲೆಯ ಸ್ವರೂಪವೇ ಅಂಥದು. ಹತ್ತು ನಿಮಿಷದ ಕೆಲಸವನ್ನು ನಿಗದಿತ ಹೊತ್ತಿಗೆ ಆರಂಭಿಸಿದರೆ ಉತ್ಸಾಹ ಹಿಂದಿನಿಂದ ಬರುತ್ತದೆ. ನಾಳೆ ನೀರು ಹಾಕಬೇಕಾದ ಸಸಿಯೊಂದಿದ್ದರೆ ಬೆಳಿಗ್ಗೆ ಏಳಲು ಕಾರಣವೊಂದು ಸಿಕ್ಕಂತಾಗುತ್ತದೆ.

ಬೆಂಗಳೂರು-ತುಮಕೂರು ಹೆದ್ದಾರಿಯ ಹಿರೇಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದೆಡೆ ಕೈಗಾರಿಕಾ ಪ್ರದೇಶ, ಇನ್ನೊಂದೆಡೆ ತೋಟಗಾರಿಕಾ ಪ್ರಯೋಗ ಕೇಂದ್ರ ಹಾಗೂ ಕೃಷಿ ವಿಜ್ಞಾನ ಕೇಂದ್ರ ಇರುವ ಊರದು. ಬೈಪೋಲಾರ್ ಕಾಯಿಲೆ ಇರುವವರು ಕಾರ್ಖಾನೆ ಸೇರುವಾಗ ಸಂಬಳಕ್ಕಿಂತ ಮೊದಲು ಪಾಳಿಯನ್ನು ವಿಚಾರಿಸಬೇಕು. ರಾತ್ರಿ ಪಾಳಿಯಿಂದ ನಿದ್ದೆ ಕೆಟ್ಟರೆ ಉನ್ಮಾದ ಮರುಕಳಿಸುವ ಸಂಭವ ಹೆಚ್ಚು. ಮಂಪರು ತರುವ ಔಷಧ ಸೇವಿಸುವವರು ಯಂತ್ರದ ಮುಂದೆ ನಿಲ್ಲುವ ಮೊದಲು ವೈದ್ಯರನ್ನು ಕೇಳುವುದು ಕ್ಷೇಮ. ತೋಟದ ದುಡಿಮೆಗೂ ಎಚ್ಚರಿಕೆಗಳಿವೆ. ಕೆಲವು ಮನೋರೋಗ ಔಷಧಗಳು ಬಿಸಿಲು ತಾಳುವ ಶಕ್ತಿಯನ್ನು ಕುಗ್ಗಿಸುತ್ತವೆ. ಲಿಥಿಯಂ ಸೇವಿಸುವವರ ದೇಹದಲ್ಲಿ ಬೆವರಿನಿಂದ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಔಷಧದ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಕೈನಡುಕ ಹೆಚ್ಚಿದರೆ, ವಾಂತಿ-ಭೇದಿಯಾದರೆ, ನಡಿಗೆ ತೂರಾಡಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಮುಖ್ಯವಾದ ತೊಡಕು ಬೇರೆಯೇ ಇದೆ. ಕೆಲಸಕ್ಕೆ ಹೋಗುವಷ್ಟು ಗುಣವಾದೊಡನೆ ಮಾತ್ರೆ ನಿಲ್ಲಿಸುವವರು ಬಹಳ. ಹಿರೇಹಳ್ಳಿಯಿಂದ ನಿಮ್ಹಾನ್ಸ್‌ಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಜೊತೆಗೆ ಬರುವವರದೂ ಸೇರಿದರೆ ಎರಡು. ಈ ಲೆಕ್ಕದಲ್ಲಿಯೇ ಎಷ್ಟೋ ಚಿಕಿತ್ಸೆಗಳು ನಿಂತುಹೋಗುತ್ತವೆ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ರೂಪಿಸಿದ ಮಾದರಿಯನ್ನು ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು ಈ ಅಲೆದಾಟ ತಪ್ಪಿಸಲೆಂದೇ. ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡನ್ನು ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮ ಮಾಡಿತು. ಚಿಕಿತ್ಸೆ ಆರಂಭವಾದದ್ದು ಬೆಂಗಳೂರಿನಲ್ಲಾದರೂ ಮುಂದಿನ ತಪಾಸಣೆಯನ್ನು ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಪಡೆಯಲು ಸಾಧ್ಯವೇ ಎಂದು ವೈದ್ಯರನ್ನು ಕೇಳಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ಯೋಚನೆ ಬಂದವರು, ಅದನ್ನು ಕೇಳಿಸಿಕೊಂಡ ಮನೆಯವರು ಆ ಹೊತ್ತಿಗೇ ಕರೆ ಮಾಡಬೇಕು.

ಕಾನೂನಿನ ಆಸರೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದ್ದು, ಶೇ 40 ಅಥವಾ ಹೆಚ್ಚಿನ ವೈಕಲ್ಯವಿದ್ದವರು ಪ್ರಮಾಣಪತ್ರ ಪಡೆದು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅದನ್ನು ಅಳೆಯುವ ಐಡಿಯಾಸ್ ಮಾಪನದಲ್ಲಿ ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆಗಳ ಜೊತೆಗೆ ನಾಲ್ಕನೆಯದಾಗಿ ಕೆಲಸವನ್ನೂ ಪರಿಗಣಿಸಲಾಗುತ್ತದೆ. ಮನೆಗೆಲಸಕ್ಕೂ ಅದರಲ್ಲಿ ಲೆಕ್ಕವುಂಟು.