ಕೂಟಕ್ಕೆ ಬಂದ ಕರ್ಣ



ಅಂಕೋಲೆಯಿಂದ ಹುಬ್ಬಳ್ಳಿಯ ಹೆದ್ದಾರಿ ಹಿಡಿದು ಹೊರಟರೆ, ಅರಬೈಲು ಘಟ್ಟದ ಏರು ಸಿಗುವ ಮೊದಲೇ ಸುಂಕಸಾಳ ಬರುತ್ತದೆ. ಸುತ್ತ ಕಾಡು, ನಡುನಡುವೆ ತೋಟ, ಗದ್ದೆ. ಮಳೆಗಾಲ ಹಿಡಿಯಿತೆಂದರೆ ಈ ಸೀಮೆಯಲ್ಲಿ ಬಯಲಾಟಕ್ಕೆ ಎಡೆಯಿಲ್ಲ. ಬಯಲೇ ನೀರಾಗಿರುವಾಗ ರಂಗಸ್ಥಳ ಕಟ್ಟುವುದೆಲ್ಲಿ? ಆಗ ಉತ್ತರ ಕನ್ನಡದ ಯಕ್ಷಗಾನ ದೇವಸ್ಥಾನದ ಪೌಳಿಗೋ ಮನೆಯ ಜಗಲಿಗೋ ಬಂದು ಕೂರುತ್ತದೆ. ಕಿರೀಟವಿಲ್ಲ, ಬಣ್ಣವಿಲ್ಲ, ಗೆಜ್ಜೆಯಿಲ್ಲ, ಕುಣಿತವೂ ಇಲ್ಲ. ನಡುವೆ ಭಾಗವತರು, ಅವರ ಪಕ್ಕದಲ್ಲಿ ಮದ್ದಳೆಯವರು, ಎರಡೂ ಬದಿಗೆ ಎದುರುಬದುರಾಗಿ ಪಂಚೆ ಶಲ್ಯದ ಅರ್ಥಧಾರಿಗಳು. ಇದೇ ತಾಳಮದ್ದಳೆ. ಜನ ಇದನ್ನು ‘ಕೂಟ’ ಎಂದೂ ಕರೆಯುತ್ತಾರೆ.

ಈ ಕೂಟದ ಮುಂದೆ ನಿಮಗೊಂದು ಪ್ರಶ್ನೆ ಇಡುತ್ತೇನೆ. ಎಲ್ಲವನ್ನೂ ಬಾಯಿಬಿಟ್ಟು ಹೇಳಲೇಬೇಕಾದ ಈ ಜಾಗಕ್ಕೆ, ತನ್ನ ಬಗ್ಗೆ ಏನನ್ನೂ ಹೇಳಲೊಲ್ಲದ ಪಾತ್ರವೊಂದನ್ನು ಕರೆತಂದರೆ ಏನಾಗುತ್ತದೆ? ಅಂಥ ಪಾತ್ರ ನಮ್ಮಲ್ಲಿದೆ. ಅವನ ಹೆಸರು ಕರ್ಣ.

ಹಳೆಯ ಕೂಟ

ತಾಳಮದ್ದಳೆ ನಿನ್ನೆ ಮೊನ್ನೆಯ ಕಲೆಯಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿಯ ಸೋಮಸಮುದ್ರದಲ್ಲಿ ದೊರೆತ 1556ರ ಶಾಸನವೊಂದು, ತಾಳಮದ್ದಳೆ ನಡೆಸುವವರಿಗೆ ಭೂಮಿ ದತ್ತಿ ಕೊಟ್ಟದ್ದನ್ನು ದಾಖಲಿಸುತ್ತದೆ. ಎಂದರೆ ಸುಮಾರು ನಾಲ್ಕೂವರೆ ಶತಮಾನದ ಹಿಂದೆಯೇ, ಕರಾವಳಿಯಿಂದ ದೂರದ ಬಯಲುಸೀಮೆಯಲ್ಲಿಯೂ, ಊರಿನವರು ಜಮೀನು ಬಿಟ್ಟುಕೊಟ್ಟು ಉಳಿಸಿಕೊಳ್ಳುವಷ್ಟು ಈ ಕಲೆ ಬೇಕಾದದ್ದಾಗಿತ್ತು. ನಮ್ಮ ಕಾಲಕ್ಕೆ ಬಂದರೆ ತೆಂಕಣ ಸೀಮೆಯಲ್ಲಿ ದೇರಾಜೆ ಸೀತಾರಾಮಯ್ಯ (1914–1984), ಶೇಣಿ ಗೋಪಾಲಕೃಷ್ಣ ಭಟ್ (1918–2006) ಮೊದಲಾದವರು ಮಾತಿನಿಂದಲೇ ಪಾತ್ರ ಕಟ್ಟಿದರು. ಉತ್ತರ ಕನ್ನಡದಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು (1938–2009) ಅದನ್ನು ಬೆಳೆಸಿದರು. ಆಟದ ಕಲಾವಿದರೂ ಮಳೆಗಾಲದಲ್ಲಿ ಕೂಟದ ಅರ್ಥಧಾರಿಗಳಾಗುವುದು ಇಲ್ಲಿನ ವಾಡಿಕೆ.

ಕೂಟ ನಡೆಯುವ ಬಗೆಯನ್ನು ಸ್ವಲ್ಪ ಗಮನಿಸೋಣ. ಪ್ರಸಂಗವೆಂದರೆ ಹಾಡುಗಳ ಪುಸ್ತಕ. ಭಾಗವತರು ಪದ್ಯ ಹಾಡುತ್ತಾರೆ. ಆ ಪದ್ಯ ಯಾವ ಪಾತ್ರದ್ದೋ ಆ ಪಾತ್ರದ ಅರ್ಥಧಾರಿ ಅದರ ಅರ್ಥವನ್ನು ಗದ್ಯದಲ್ಲಿ ಹೇಳುತ್ತಾನೆ. ಈ ಗದ್ಯ ಎಲ್ಲಿಯೂ ಬರೆದಿಟ್ಟದ್ದಲ್ಲ, ಆ ಹೊತ್ತಿಗೆ ಹುಟ್ಟುವುದು. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆಯ ಅರ್ಥ ಬರಬಹುದು. ಎದುರಿನ ಅರ್ಥಧಾರಿ ಪ್ರಶ್ನೆ ಹಾಕುತ್ತಾನೆ, ಇವನು ಉತ್ತರಿಸುತ್ತಾನೆ, ಅವನು ಮತ್ತೆ ಕೆಣಕುತ್ತಾನೆ. ಮಾತಿಗೆ ಇಷ್ಟೆಲ್ಲ ಸ್ವಾತಂತ್ರ್ಯವಿದ್ದರೂ ಕಥೆಯನ್ನು ಬದಲಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಭಾಗವತರು ಮುಂದಿನ ಪದ್ಯ ಎತ್ತಿಕೊಂಡರೆಂದರೆ ಎಂಥ ವಾಗ್ಮಿಯೂ ನಿಲ್ಲಿಸಲೇಬೇಕು.

ಕನ್ನಡಕ್ಕೆ ಬಂದ ಪ್ರತಿನಾಯಕರು

ಸೋಲುವವನ ಕಡೆ ಕಣ್ಣು ಹಾಯಿಸುವುದು ಕನ್ನಡಕ್ಕೆ ಹಳೆಯ ಅಭ್ಯಾಸ. ಪಂಪ ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ಅವನ ನಾಯಕ ಅರ್ಜುನ. ತನ್ನ ದೊರೆ ಅರಿಕೇಸರಿಯನ್ನು ಅವನು ಅರ್ಜುನನೊಂದಿಗೆ ಸಮೀಕರಿಸಿದ. ಆದರೂ ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದು ಹೇಳಿದವನೂ ಅವನೇ. ರನ್ನನ ಗದಾಯುದ್ಧದಲ್ಲಿ ನಾಯಕ ಭೀಮನಾದರೂ ಓದುಗನ ಎದೆಯಲ್ಲಿ ಉಳಿಯುವವನು ದುರ್ಯೋಧನ. ನಾಗಚಂದ್ರನ ರಾಮಾಯಣದಲ್ಲಿ ರಾವಣ ಪಶ್ಚಾತ್ತಾಪಪಡುತ್ತಾನೆ. ಬಿ.ಎಂ.ಶ್ರೀಯವರು 1929ರಲ್ಲಿ ಸಾಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ತಂದು ‘ಅಶ್ವತ್ಥಾಮನ್’ ಮಾಡಿದರು. ಗ್ರೀಕರ ಪ್ರತಿನಾಯಕ ನಮ್ಮ ಕುರುಕ್ಷೇತ್ರದ ಶಿಬಿರಕ್ಕೆ ಬಂದು ನಿಂತ. ಹೀಗೆ ಪಾತ್ರವನ್ನು ಒಂದು ಲೋಕದಿಂದ ಇನ್ನೊಂದಕ್ಕೆ ಸಾಗಿಸುವುದು ನಮಗೆ ಹೊಸತಲ್ಲ.

ಆದರೆ ಕಾವ್ಯದಲ್ಲಿ ಬರೆಯುವವನು ಒಬ್ಬನೇ. ಎಲ್ಲರ ಗುಟ್ಟೂ ಅವನ ಕೈಯಲ್ಲಿರುತ್ತದೆ. ಕೂಟದಲ್ಲಿ ಹಾಗಿಲ್ಲ. ಕರ್ಣನನ್ನು ಆಡುವವನೊಬ್ಬ, ಕೃಷ್ಣನನ್ನು ಆಡುವವನು ಮತ್ತೊಬ್ಬ. ಇಬ್ಬರೂ ಭಾರತ ಓದಿದವರೇ. ಕೇಳುವ ಅಜ್ಜನಿಗೂ ಮೊಮ್ಮಗನಿಗೂ ಕರ್ಣನ ಹುಟ್ಟು ಗೊತ್ತು. ಗೊತ್ತಿಲ್ಲದವರು ಕಥೆಯ ಒಳಗಿರುವವರು ಮಾತ್ರ.

ಗುಟ್ಟಿನ ಲೆಕ್ಕ

ನಾನು ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು. ಯಾವುದನ್ನಾದರೂ ತಿಳಿಯಬೇಕಾದರೆ ಮೊದಲು ಅಳೆದು ನೋಡುವ ಚಟ ಬಿಟ್ಟಿಲ್ಲ. ಕರ್ಣನ ಗುಟ್ಟನ್ನೂ ಹಾಗೆಯೇ ನೋಡೋಣ. ಯಾರಿಗೆ, ಯಾವಾಗ ಗೊತ್ತಾಯಿತು?

ಮೊದಲ ಗುಟ್ಟು ಕರ್ಣನೇ ಮಾಡಿಕೊಂಡದ್ದು. ಅಸ್ತ್ರವಿದ್ಯೆಗಾಗಿ ಅವನು ಪರಶುರಾಮನ ಬಳಿ ಬ್ರಾಹ್ಮಣನೆಂದು ಹೇಳಿಕೊಂಡು ಸೇರಿದ. ಗುರು ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳವೊಂದು ತೊಡೆಯನ್ನು ಕೊರೆಯಿತು. ನಿದ್ದೆ ಕೆಡಬಾರದೆಂದು ಕರ್ಣ ಅಲುಗದೆ ಕುಳಿತ. ನೆತ್ತರು ತಾಗಿ ಎಚ್ಚರವಾದ ಗುರುವಿಗೆ, ಇಷ್ಟು ನೋವು ತಾಳುವವನು ಬ್ರಾಹ್ಮಣನಲ್ಲ ಎಂದು ತಿಳಿಯಿತು. ಬೇಕಾದ ಹೊತ್ತಿಗೆ ಬ್ರಹ್ಮಾಸ್ತ್ರ ನೆನಪಾಗದಿರಲಿ ಎಂದು ಶಾಪ ಕೊಟ್ಟ. ಗಮನಿಸಿ: ಅವನ ಸುಳ್ಳನ್ನು ಹೊರಗೆಡವಿದ್ದು ಅವನ ಸಹನೆ, ಎಂದರೆ ಅವನ ಒಳ್ಳೆಯ ಗುಣ.

ಎರಡನೆಯ ಗುಟ್ಟು ಕುಂತಿಯದು. ಸಂಧಿ ಮುರಿದ ಮೇಲೆ ಕೃಷ್ಣ ಕರ್ಣನನ್ನು ಏಕಾಂತಕ್ಕೆ ಕರೆದು ಅವನ ಹುಟ್ಟನ್ನು ಹೇಳುತ್ತಾನೆ. ಕೂಟಗಳಲ್ಲಿ ‘ಕರ್ಣಭೇದನ’ ಎಂಬ ಹೆಸರಿನಿಂದ ನಡೆಯುವ ಭಾಗ ಇದು. ವ್ಯಾಸಭಾರತದ ಕರ್ಣ ಇದೆಲ್ಲ ತನಗೆ ತಿಳಿದಿದೆ ಎನ್ನುತ್ತಾನೆ. ಕುಮಾರವ್ಯಾಸನ ಕರ್ಣನಿಗೆ ಅದು ಎದೆಗೆ ಬಿದ್ದ ಪೆಟ್ಟು. ಹಾಗಾದರೆ ಕೂಟದ ಕರ್ಣ ಯಾರನ್ನು ಅನುಸರಿಸಬೇಕು? ಅರ್ಥಧಾರಿ ಕುಳಿತುಕೊಳ್ಳುವ ಮೊದಲೇ ಇದನ್ನು ತೀರ್ಮಾನಿಸಿರಬೇಕು. ಮೊದಲೇ ತಿಳಿದವನ ಮೌನ ಬೇರೆ, ಈಗ ತಿಳಿದವನ ಮೌನ ಬೇರೆ.

ಆಮೇಲೆ ಕರ್ಣ ಕೃಷ್ಣನನ್ನು ಕೇಳಿಕೊಳ್ಳುವುದೇನು? ಈ ಮಾತು ಇಲ್ಲಿಯೇ ಇರಲಿ, ಧರ್ಮರಾಯನಿಗೆ ತಿಳಿದರೆ ಅವನು ರಾಜ್ಯ ಸ್ವೀಕರಿಸಲಾರ, ನನಗೇ ಕೊಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಒಪ್ಪಿಸಿಬಿಡುತ್ತೇನೆ ಎಂದು. ಮೊದಲ ಗುಟ್ಟು ತನ್ನ ಲಾಭಕ್ಕೆ ಇಟ್ಟದ್ದು, ಎರಡನೆಯದು ತನ್ನ ನಷ್ಟಕ್ಕೆ ಇಟ್ಟದ್ದು. ಒಂದೇ ಮನುಷ್ಯ, ಎರಡು ಬಗೆಯ ಮೌನ. ಪಾಂಡವರಿಗೆ ನಿಜ ತಿಳಿಯುವುದು ಯುದ್ಧ ಮುಗಿದು, ಸತ್ತವರಿಗೆ ತರ್ಪಣ ಬಿಡುವಾಗ, ಕುಂತಿಯ ಬಾಯಿಂದ.

ಕಿವಿ ಇದ್ದೂ ಕೇಳದಿರುವುದು

ಈಗ ಕೂಟಕ್ಕೆ ಬನ್ನಿ. ಪಾತ್ರ ತನ್ನನ್ನು ತಾನು ತೆರೆದುಕೊಳ್ಳುವ ಮೊದಲ ಮಾತಿಗೆ ಪೀಠಿಕೆ ಎನ್ನುತ್ತಾರೆ. ಕೊನೆಯ ದಿನದ ಕರ್ಣ ಪೀಠಿಕೆಯಲ್ಲಿ ತನ್ನ ಮನಸ್ಸನ್ನೆಲ್ಲ ಸಭೆಯ ಮುಂದೆ ಬಿಚ್ಚಿಡುತ್ತಾನೆ. ತಮ್ಮನೆಂದು ತಿಳಿದೂ ಬಾಣ ಹೂಡಬೇಕಾದ ಸಂಕಟವನ್ನು ಹೇಳುತ್ತಾನೆ. ಅರ್ಜುನನ ಅರ್ಥಧಾರಿ ನಾಲ್ಕು ಮೊಳ ದೂರದಲ್ಲಿ ಕುಳಿತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಳ್ಳುತ್ತಾನೆ. ಆದರೆ ಅವನ ಅರ್ಜುನ ಕೇಳಿಸಿಕೊಳ್ಳಬಾರದು. ಸರದಿ ಬಂದಾಗ ಅವನು ಹಳೆಯ ಹಗೆಯನ್ನೇ ಎದುರಿಸುವಂತೆ ಮಾತನಾಡಬೇಕು.

ಇದು ಹೇಳುವಷ್ಟು ಸುಲಭವಲ್ಲ. ಎದುರಾಳಿಯ ಮರ್ಮಸ್ಥಾನ ಗೊತ್ತಿದ್ದೂ ಅಲ್ಲಿ ಹೊಡೆಯದಿರಬೇಕು. ಒಂದೇ ಒಂದು ಮಾತು, ‘ಕುಂತಿಯ ಮಗನಾಗಿ ನೀನು ಹೀಗೆ ಮಾಡಬಹುದೇ’ ಎಂಬ ಮಾತು ಅರ್ಜುನನ ಬಾಯಿಂದ ಜಾರಿದರೆ ಸಭೆ ಚಪ್ಪಾಳೆ ತಟ್ಟೀತು, ಕರ್ಣನ ಬಾಯಿ ಕಟ್ಟೀತು. ಆದರೆ ಪ್ರಸಂಗ ಅಲ್ಲಿಗೆ ಸತ್ತಂತೆ. ಅಣ್ಣನೆಂದು ತಿಳಿದ ಅರ್ಜುನ ಮುಂದಿನ ಪದ್ಯದಲ್ಲಿ ಬಾಣ ಬಿಡುವುದು ಹೇಗೆ? ಅರ್ಥಧಾರಿಯ ಗೆಲುವು ಅರ್ಜುನನನ್ನು ಸೋಲಿಸುತ್ತದೆ. ಆದ್ದರಿಂದ ಗುಟ್ಟಿನ ಪಾತ್ರವನ್ನು ಕಾಯುವ ಹೊಣೆ ಆ ಪಾತ್ರ ವಹಿಸಿದವನೊಬ್ಬನದಲ್ಲ, ಅವನ ಎದುರು ಕುಳಿತವನದು ಕೂಡ.

ಕರ್ಣ ವಹಿಸಿದವನಿಗೂ ಕಟ್ಟುಪಾಡುಗಳಿವೆ. ಏನನ್ನೂ ಹೇಳದೆ ಬಿಗುಮುಖದಿಂದ ಕುಳಿತರೆ ಎದುರಿನವನಿಗೆ ಹಿಡಿತ ಸಿಗುವುದಿಲ್ಲ, ಕೂಟ ಬಿದ್ದುಹೋಗುತ್ತದೆ. ಗುಟ್ಟನ್ನು ಬಿಡದೆಯೇ ಅದರ ನೋವನ್ನು ಕಾಣಿಸಬೇಕು. ಮಾತು ಕೊಡಬೇಕು, ಪ್ರಶ್ನೆಗೆ ಸಿಕ್ಕಬೇಕು, ಸಿಕ್ಕಿಯೂ ಬಾಯಿಬಿಡಬಾರದು. ಟೆಲಿವಿಷನ್ ನಿರ್ಮಾಪಕನಾಗಿ ಹೇಳುತ್ತೇನೆ: ತಾಳಮದ್ದಳೆಯ ಚಿತ್ರೀಕರಣದಲ್ಲಿ ಕ್ಯಾಮೆರಾ ಮಾತನಾಡುವವನ ಮೇಲೆಯೇ ನಿಂತರೆ ಅರ್ಧ ಕೂಟ ಕಳೆದುಹೋದಂತೆ. ಕೃಷ್ಣ ಮಾತನಾಡುತ್ತಿರುವಾಗ ಕೇಳುತ್ತಿರುವ ಕರ್ಣನ ಮುಖ ನೋಡಬೇಕು. ಬಣ್ಣವಿಲ್ಲದ ಆ ಮುಖದಲ್ಲಿಯೇ ಗುಟ್ಟು ಇರುತ್ತದೆ.

ಬೇರೆ ನಾಡಿನ ಕೂಟಗಳು

ನಿಮ್ಮಲ್ಲಿ ಕೆಲವರಿಗೆ ಇದು ಕಂಪ್ಯೂಟರಿನ ಆಟಗಳನ್ನು ನೆನಪಿಗೆ ತಂದೀತು. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ಕುಳಿತ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತನಾಡುವುದು, ಒಬ್ಬ ಕಥೆಯನ್ನು ನಡೆಸುವುದು ಅದರ ಕ್ರಮ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ‘ಮಡ್’ ಎಂಬ ಕಾರ್ಯಕ್ರಮ ಬರೆಯತೊಡಗಿದ. ಸಹಪಾಠಿ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಬೇರೆ ಬೇರೆ ಟರ್ಮಿನಲ್‌ಗಳ ಮುಂದೆ ಕುಳಿತವರು ಬರೀ ಅಕ್ಷರಗಳ ಮೂಲಕ ಒಂದೇ ಲೋಕದಲ್ಲಿ ಓಡಾಡಿದರು. ಇಂದು ಫೋನಿನಲ್ಲಿ ಹಲವರು ಸೇರಿ ಪಾತ್ರ ಕಟ್ಟಿ ಕಥೆ ಬೆಳೆಸುವ ಹವ್ಯಾಸಕ್ಕೆ ಇವು ಹಿರಿಯರು.

ಕರ್ಣನಂಥವನನ್ನು ಅಲ್ಲಿಗೆ ಕರೆದೊಯ್ದರೂ ಪ್ರಶ್ನೆ ಇದೇ. ಒಬ್ಬ ಬರೆದ ಪಾತ್ರದ ಮನಸ್ಸಿನ ಮಾತನ್ನು ಎಲ್ಲರೂ ಓದುತ್ತಾರೆ. ಓದಿದ್ದನ್ನು ತಮ್ಮ ಪಾತ್ರಕ್ಕೆ ತಿಳಿಯಗೊಡದಿರುವ ಶಿಸ್ತು ಎಷ್ಟು ಜನರಿಗಿದೆ? ಜಗಲಿಯ ಕೂಟ ಶತಮಾನಗಳಿಂದ ಅಭ್ಯಾಸ ಮಾಡಿದ್ದು ಈ ಶಿಸ್ತನ್ನೇ. 2020ರ ಕೋವಿಡ್ ಕಾಲದಲ್ಲಿ ಜಗಲಿಗಳು ಮುಚ್ಚಿದಾಗ ತಾಳಮದ್ದಳೆಗಳು ಅಂತರಜಾಲದಲ್ಲಿ ನೇರಪ್ರಸಾರವಾದವು. ಜಾಗ ಬದಲಾಯಿತು, ಮರ್ಯಾದೆ ಬದಲಾಗಲಿಲ್ಲ.

ಇನ್ನೊಂದು ಪಾಠವೂ ಇದೆ. ಗುಟ್ಟಿನ ವೀರನನ್ನು ಹೊಸ ಲೋಕಕ್ಕೆ ತರುವವರು ಅವನ ಬಿಲ್ಲನ್ನು ತರುತ್ತಾರೆ, ಸಾಲವನ್ನು ಬಿಟ್ಟುಬರುತ್ತಾರೆ. ಕರ್ಣನ ಕವಚಕುಂಡಲ ಇಂದ್ರನ ಪಾಲಾಗಿದೆ. ಬದಲಿಗೆ ಸಿಕ್ಕ ಶಕ್ತ್ಯಾಯುಧ ಘಟೋತ್ಕಚನ ಮೇಲೆ ಖರ್ಚಾಗಿದೆ. ಗುರುವಿನ ಶಾಪ ತಲೆಯ ಮೇಲಿದೆ. ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಾಗಿದೆ. ಇಷ್ಟೆಲ್ಲ ಕಳೆದುಕೊಂಡು ಉಳಿದವನೇ ಕರ್ಣ. ಇವನ್ನು ತೆಗೆದರೆ ಉಳಿಯುವುದು ಬಿಲ್ಲುಗಾರನೊಬ್ಬ ಮಾತ್ರ.

ಮರುಕ ಮತ್ತು ನ್ಯಾಯ

ಕೊನೆಗೊಂದು ಎಚ್ಚರಿಕೆಯ ಮಾತು. ಕರ್ಣನೆಂದರೆ ನಮ್ಮ ಜನಕ್ಕೆ ಕರುಳು ಮಿಡಿಯುತ್ತದೆ. ಅದಕ್ಕೆ ಕಾರಣವೂ ಇದೆ. ರಾಜಕುಮಾರರ ವಿದ್ಯಾಪ್ರದರ್ಶನದಲ್ಲಿ ಅವನು ಬಿಲ್ಲು ಹಿಡಿದು ನಿಂತಾಗ ಕೃಪ ಕೇಳಿದ್ದು ನಿನ್ನ ಕುಲ ಯಾವುದು ಎಂದು. ಗುರಿ ಎಷ್ಟು ನೇರ ಎಂದು ಕೇಳಲಿಲ್ಲ. ಕಲಿಯುವ ಆಸೆಗೆ ಕುಲ ಅಡ್ಡ ಬಂದಾಗ ಮನುಷ್ಯ ಸುಳ್ಳು ಹೇಳುತ್ತಾನೆ. ಆ ಸುಳ್ಳಿನ ಪಾಲು ಕೇಳಿದ ಸಭೆಗೂ ಸೇರಬೇಕು. ಹಾಸ್ಟೆಲಿನಲ್ಲಿ, ತರಗತಿಯಲ್ಲಿ ತನ್ನ ಮನೆಯ ಸಂಗತಿ ಹೇಳಲು ಹಿಂಜರಿಯುವ ಗೆಳೆಯನೊಬ್ಬ ನಿಮ್ಮ ಪಕ್ಕದಲ್ಲಿಯೇ ಇರಬಹುದು. ಅವನ ಗುಟ್ಟನ್ನು ಕೆದಕದಿರುವುದೂ ಕೂಟದ ಶಿಸ್ತೇ.

ಆದರೆ ಮರುಕ ಲೆಕ್ಕವನ್ನು ಅಳಿಸಬಾರದು. ದ್ಯೂತಸಭೆಯಲ್ಲಿ ದ್ರೌಪದಿಯನ್ನು ಹೀನ ಮಾತಿನಿಂದ ನೋಯಿಸಿದವರಲ್ಲಿ ಕರ್ಣನಿದ್ದ. ಅಭಿಮನ್ಯುವನ್ನು ಸುತ್ತುವರಿದವರಲ್ಲಿಯೂ ಇದ್ದ. ತನಗಾದ ಅವಮಾನ ಇನ್ನೊಬ್ಬರನ್ನು ಅವಮಾನಿಸುವ ಪರವಾನಗಿಯಾಗದು. ಒಳ್ಳೆಯ ಕೂಟದಲ್ಲಿ ಕೃಷ್ಣನ ಅರ್ಥಧಾರಿ ಈ ಪ್ರಶ್ನೆಗಳನ್ನು ಬಿಡುವುದಿಲ್ಲ, ಕರ್ಣನ ಅರ್ಥಧಾರಿ ಜಾರಿಕೊಳ್ಳುವುದಿಲ್ಲ. ಒಬ್ಬನೇ ಬರೆದರೆ ಕರ್ಣನ ಪರ ವಕಾಲತ್ತು ಆಗಿಬಿಡಬಹುದಾದ ಕಥೆ, ಎದುರಿಗೊಬ್ಬ ಕುಳಿತಿರುವುದರಿಂದ ವಿಚಾರಣೆಯಾಗುತ್ತದೆ. ಹಲವರು ಸೇರಿ ಕಟ್ಟುವ ಕಥೆಯ ದೊಡ್ಡ ಲಾಭ ಇದು.

ಈ ಮಳೆಗಾಲ ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಒಂದು ಸಣ್ಣ ಕೂಟ ಮಾಡಿ ನೋಡಿ. ಹಾಡಲು ಬರುವವರು ಒಬ್ಬರು, ತಾಳಕ್ಕೊಬ್ಬರು, ಮಾತಿಗೆ ಇಬ್ಬರು ಸಾಕು. ಕರ್ಣಭೇದನವನ್ನೇ ಎತ್ತಿಕೊಳ್ಳಿ. ಮೊದಲು ನೀವು ಕರ್ಣನಾಗಿ, ಮರುದಿನ ಅದೇ ಪದ್ಯಗಳಿಗೆ ಕೃಷ್ಣನಾಗಿ. ಹಿಂದಿನ ದಿನ ನೀವು ಮುಚ್ಚಿಟ್ಟುಕೊಂಡದ್ದನ್ನೇ ಮರುದಿನ ಎದುರಿನವನ ಮುಖದಲ್ಲಿ ಹುಡುಕಬೇಕಾಗುತ್ತದೆ. ಭಾಗವತರು ಮಂಗಳ ಹಾಡುವ ಹೊತ್ತಿಗೆ ಯಾರು ಗೆದ್ದರೆಂದು ಲೆಕ್ಕ ಹಾಕಬೇಡಿ. ಎದುರಿನವನಿಗೆ ಮಾತನಾಡಲು ನೀವು ಎಷ್ಟು ಎಡೆ ಬಿಟ್ಟಿರಿ ಎಂಬುದನ್ನು ಕೇಳಿಕೊಳ್ಳಿ.