ರಾಮನಗರ ಜಿಲ್ಲೆಯ ಗ್ರಾಮೀಣ ಜೀವನೋಪಾಯ ಉದ್ಯಮಗಳು

ರಾಮನಗರ ಜಿಲ್ಲೆಯ ಗ್ರಾಮೀಣ ಜೀವನೋಪಾಯ ಉದ್ಯಮಗಳು ಎಂದರೆ ಕರ್ನಾಟಕದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಸ್ಥಳೀಯ ಕಚ್ಚಾವಸ್ತು ಮತ್ತು ಕೌಶಲವನ್ನು ಆಧರಿಸಿ ಬೆಳೆದುಬಂದಿರುವ ಸಣ್ಣ ಪ್ರಮಾಣದ ಉದ್ಯಮಗಳು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು, ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಮತ್ತು ನೂಲು ಬಿಚ್ಚಾಣಿಕೆ, ಮಾಗಡಿಯ ಬಿತ್ತನೆ ಗೂಡು, ಕನಕಪುರದ ರೇಷ್ಮೆ ಕೃಷಿ ಮತ್ತು ಹೈನುಗಾರಿಕೆ ಇವುಗಳಲ್ಲಿ ಮುಖ್ಯವಾದವು. ಸರ್ಕಾರಿ ನಿಗಮಗಳು, ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು, ಸ್ವಯಂಸೇವಾ ಸಂಸ್ಥೆಗಳು ಹಾಗೂ ಖಾಸಗಿ ಉದ್ಯಮಿಗಳು ಬೇರೆ ಬೇರೆ ಕಾಲಘಟ್ಟಗಳಲ್ಲಿ ಈ ಕಸುಬುಗಳಿಗೆ ಬೆಂಬಲ ನೀಡಿದ್ದಾರೆ.

ಹಿನ್ನೆಲೆ

ರಾಮನಗರ ಜಿಲ್ಲೆಯು 2007ರ ಆಗಸ್ಟ್ 23ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಆಗ ಅದರಲ್ಲಿ ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳಿದ್ದವು. ಅನಂತರ ಹಾರೋಹಳ್ಳಿ ಪ್ರತ್ಯೇಕ ತಾಲ್ಲೂಕಾಯಿತು. 2025ರಲ್ಲಿ ರಾಜ್ಯ ಸರ್ಕಾರವು ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನಿಟ್ಟಿತು. ಅರ್ಕಾವತಿ, ಕಣ್ವ ಮತ್ತು ಶಿಂಷಾ ನದಿಗಳು ಹರಿಯುವ ಈ ಪ್ರದೇಶದ ಬಹುಭಾಗ ಬಂಡೆಗಳಿಂದ ಕೂಡಿದ ಒಣಭೂಮಿ. ರಾಗಿ, ಹಿಪ್ಪುನೇರಳೆ, ತೆಂಗು ಮತ್ತು ಮಾವು ಇಲ್ಲಿನ ಪ್ರಮುಖ ಬೆಳೆಗಳು.

ಹಿಡುವಳಿಗಳು ಚಿಕ್ಕವಾದುದರಿಂದ ಬೇಸಾಯವೊಂದರಿಂದಲೇ ವರ್ಷವಿಡೀ ಸಂಸಾರ ಸಾಗಿಸುವುದು ಅನೇಕ ಕುಟುಂಬಗಳಿಗೆ ಕಷ್ಟ. ಇನ್ನೊಂದೆಡೆ ಬೆಂಗಳೂರು ಸಮೀಪದಲ್ಲಿದೆ. ಬಿಡದಿಯಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವೂ ಬೆಳೆದಿದೆ. ಅಲ್ಲಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆಯು 1999ರಲ್ಲಿ ಉತ್ಪಾದನೆ ಆರಂಭಿಸಿತು. ಕಾರ್ಖಾನೆಯ ಮಾಸಿಕ ಸಂಬಳದೊಂದಿಗೆ ಪೈಪೋಟಿ ನಡೆಸುವಷ್ಟು ಆದಾಯವನ್ನು ಮನೆಯ ಕಸುಬು ನೀಡಬಲ್ಲುದೇ ಎಂಬುದು ಈ ಉದ್ಯಮಗಳೆಲ್ಲವೂ ಎದುರಿಸುತ್ತಿರುವ ಮೂಲ ಪ್ರಶ್ನೆಯಾಗಿದೆ.

ಚನ್ನಪಟ್ಟಣದ ಗೊಂಬೆಗಳು

ಮೂಲ ಮತ್ತು ಬೆಳವಣಿಗೆ

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣಕ್ಕೆ 'ಗೊಂಬೆಗಳ ನಾಡು' ಎಂಬ ಹೆಸರಿದೆ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಸ್ಥಳೀಯರಿಗೆ ಈ ವಿದ್ಯೆಯನ್ನು ಕಲಿಸಿದನೆಂದು ಪ್ರತೀತಿ. ಜಪಾನೀ ತಂತ್ರಗಳನ್ನು ಅಳವಡಿಸಿ ಕಸುಬನ್ನು ಸುಧಾರಿಸಿದ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದು ಗೌರವಿಸಲಾಗುತ್ತದೆ. ಪಟ್ಟಣದ ಕಲಾನಗರ ಮತ್ತು ತಾಲ್ಲೂಕಿನ ನೀಲಸಂದ್ರ ಗ್ರಾಮ ಈ ಕಸುಬಿಗೆ ಹೆಸರಾಗಿವೆ. ಕುಶಲಕರ್ಮಿಗಳಲ್ಲಿ ಮುಸ್ಲಿಂ ಕುಟುಂಬಗಳವರು ದೊಡ್ಡ ಸಂಖ್ಯೆಯಲ್ಲಿದ್ದಾರೆ.

ತಯಾರಿಕೆಯ ವಿಧಾನ

ಸಾಂಪ್ರದಾಯಿಕವಾಗಿ ಗೊಂಬೆಗಳಿಗೆ ಬಳಸುವುದು ಆಲೆ ಮರವನ್ನು. ಇದನ್ನು ಹಾಲೆ ಎಂದೂ ಕರೆಯುತ್ತಾರೆ. ಇದು ಆಲದ ಮರವಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರೈಟಿಯಾ ಟಿಂಕ್ಟೋರಿಯಾ. ದಂತದಂತೆ ಬಿಳುಪಾದ, ನುಣುಪಾದ ಈ ಮರ ಉಳಿಗೆ ಸುಲಭವಾಗಿ ಒಗ್ಗುತ್ತದೆ. ಕಡಿದ ಮರವನ್ನು ಕೆಲವು ತಿಂಗಳು ಒಣಗಿಸಿ, ಬೇಕಾದ ಅಳತೆಗೆ ತುಂಡರಿಸಿ, ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ರೂಪ ಕೊಡುತ್ತಾರೆ. ಹಿಂದೆ ಕೈಯಿಂದ ತಿರುಗಿಸುತ್ತಿದ್ದ ಲೇತ್‌ಗಳ ಜಾಗವನ್ನು ಈಗ ಬಹುಮಟ್ಟಿಗೆ ವಿದ್ಯುತ್ ಲೇತ್‌ಗಳು ಪಡೆದಿವೆ.

ಬಣ್ಣ ಹಾಕುವ ಕ್ರಮದಲ್ಲಿ ಈ ಗೊಂಬೆಗಳ ವೈಶಿಷ್ಟ್ಯವಿದೆ. ಇಲ್ಲಿ ಕುಂಚವನ್ನು ಬಳಸುವುದಿಲ್ಲ. ಅರಗಿಗೆ ಬಣ್ಣ ಬೆರೆಸಿ ಮಾಡಿದ ಕಡ್ಡಿಯನ್ನು ವೇಗವಾಗಿ ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರದ ಮೈಗೆ ತೆಳುವಾಗಿ ಹರಡಿಕೊಳ್ಳುತ್ತದೆ. ಅನಂತರ ಕೇದಗೆ ಜಾತಿಯ ಗಿಡದ ಒಣಗರಿಯಿಂದ ತೀಡಿದಾಗ ಹೊಳಪು ಬರುತ್ತದೆ. ಅರಗು ಕೀಟಜನ್ಯ ವಸ್ತುವಾದುದರಿಂದಲೂ ಅರಿಸಿನ, ನೀಲಿ ಮುಂತಾದ ಸಸ್ಯಮೂಲದ ಬಣ್ಣಗಳನ್ನು ಅದಕ್ಕೆ ಬೆರೆಸಲು ಸಾಧ್ಯವಿರುವುದರಿಂದಲೂ ಗೊಂಬೆಯನ್ನು ಬಾಯಿಗಿಡುವ ಎಳೆಯ ಮಕ್ಕಳಿಗೆ ಇವು ಸುರಕ್ಷಿತವೆನಿಸಿವೆ.

ಕುಸಿತ ಮತ್ತು ಪುನಶ್ಚೇತನ

20ನೆಯ ಶತಮಾನದ ಕೊನೆಯ ವೇಳೆಗೆ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು, ಅದರಲ್ಲೂ ಚೀನಾದಿಂದ ಆಮದಾದವು, ಮಾರುಕಟ್ಟೆಯನ್ನು ಆಕ್ರಮಿಸಿದವು. ಒಂದೊಂದು ಬಿಡಿಗೆ ಇಂತಿಷ್ಟು ಎಂದು ಕೂಲಿ ಪಡೆಯುತ್ತಿದ್ದ ಕೆಲಸಗಾರರ ಗಳಿಕೆ ಇಳಿಯಿತು. ಅನೇಕರು ಕಸುಬು ಬಿಟ್ಟು ಬೇರೆ ಕೂಲಿ ಹುಡುಕಿದರು. ಮಕ್ಕಳು ತಂದೆಯ ಲೇತ್ ಬಳಿ ಕೂರಲು ಒಪ್ಪಲಿಲ್ಲ. ಆಲೆ ಮರವೂ ಸುಲಭವಾಗಿ ದೊರೆಯದಾಗಿ, ರಬ್ಬರ್ ಮರ ಮುಂತಾದ ಬೇರೆ ಮರಗಳ ಬಳಕೆ ಹೆಚ್ಚಿತು.

ಪುನಶ್ಚೇತನದ ಪ್ರಯತ್ನಗಳು ಹಲವು ದಿಕ್ಕಿನಿಂದ ನಡೆದವು. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ಚನ್ನಪಟ್ಟಣದಲ್ಲಿ 32 ಲೇತ್‌ಗಳುಳ್ಳ ಅರಗು ಕರಕುಶಲ ಸಂಕೀರ್ಣವನ್ನು ನಡೆಸುತ್ತಿದ್ದು, ತನ್ನ 'ಕಾವೇರಿ' ಮಳಿಗೆಗಳ ಮೂಲಕ ಗೊಂಬೆಗಳನ್ನು ಮಾರುತ್ತದೆ. ಡಚ್ ಸರ್ಕಾರದ ನೆರವು ಹಾಗೂ ರಾಜ್ಯ ಸರ್ಕಾರದ 'ವಿಶ್ವ' ಯೋಜನೆಯ ಮೂಲಕ ಕುಶಲಕರ್ಮಿಗಳಿಗೆ ಹಣಕಾಸಿನ ಸಹಾಯ ದೊರೆತಿದೆ. 21ನೆಯ ಶತಮಾನದ ಮೊದಲ ದಶಕದಲ್ಲಿ 'ಚನ್ನಪಟ್ಟಣದ ಆಟಿಕೆಗಳು ಮತ್ತು ಗೊಂಬೆಗಳು' ಎಂಬ ಹೆಸರಿಗೆ ಭೌಗೋಳಿಕ ಸೂಚಕ ಮಾನ್ಯತೆ ಲಭಿಸಿತು.

ಮಾಯಾ ಆರ್ಗ್ಯಾನಿಕ್ ಸಂಸ್ಥೆಯು ಕುಶಲಕರ್ಮಿಗಳ ಗುಂಪುಗಳೊಂದಿಗೆ ಕೆಲಸ ಮಾಡಿ ಸಸ್ಯಮೂಲದ ಬಣ್ಣ, ಹೊಸ ವಿನ್ಯಾಸ ಮತ್ತು ಗುಣಮಟ್ಟಕ್ಕೆ ಒತ್ತು ನೀಡಿತು. ವರ್ಣಂ ಮುಂತಾದ ಉದ್ಯಮಗಳು ಇದೇ ತಂತ್ರವನ್ನು ಬಳಸಿ ಗೃಹಾಲಂಕಾರದ ವಸ್ತುಗಳನ್ನೂ ಆಭರಣಗಳನ್ನೂ ರೂಪಿಸಿ ನಗರದ ಗ್ರಾಹಕರನ್ನು ತಲುಪಿದವು. ಹಿಂದೆ ಹೆಚ್ಚಾಗಿ ಬಣ್ಣ ಬರೆಯುವ, ಜೋಡಿಸುವ ಕೆಲಸಕ್ಕೆ ಸೀಮಿತರಾಗಿದ್ದ ಮಹಿಳೆಯರು ಲೇತ್ ಕೆಲಸವನ್ನೂ ಕಲಿತದ್ದು ಈ ಅವಧಿಯ ಗಮನಾರ್ಹ ಬದಲಾವಣೆ.

ಕೇಂದ್ರ ಸರ್ಕಾರವು 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ ಶೇ. 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಯಿತು. ಪರೀಕ್ಷೆಯ ವೆಚ್ಚವನ್ನು ಸಣ್ಣ ಕುಶಲಕರ್ಮಿಗಳು ಭರಿಸಲಾರರೆಂಬ ಕಾರಣಕ್ಕೆ, ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಹೊಂದಿದ ಆಟಿಕೆಗಳ ನೋಂದಾಯಿತ ತಯಾರಕರಿಗೂ ಇದರಿಂದ ವಿನಾಯಿತಿ ನೀಡಲಾಗಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ತಯಾರಿಕೆಯೂ ಒಂದು. ಇದರಲ್ಲಿ ಸಲಕರಣೆಗಾಗಿ 15,000 ರೂಪಾಯಿ ಹಾಗೂ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಯ ಸಾಲಕ್ಕೆ ಅವಕಾಶವಿದೆ.

ರೇಷ್ಮೆ

ಹುಳು ಸಾಕಣೆ

ಜಿಲ್ಲೆಯ ತಾಲ್ಲೂಕುಗಳನ್ನು ಬೆಸೆಯುವ ಕಸುಬು ರೇಷ್ಮೆ. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವ ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ರೈತರು ಇದನ್ನು 'ಜ್ವರ' ಎನ್ನುತ್ತಾರೆ. ಸುಮಾರು ನಾಲ್ಕು ವಾರಗಳಲ್ಲಿ ಹುಳು 'ಹಣ್ಣಾದಾಗ' ಅದನ್ನು ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ಅಲ್ಲಿ ಅದು ಗೂಡು ಕಟ್ಟುತ್ತದೆ. ಸೊಪ್ಪು ಕೊಯ್ಯುವುದು, ಹುಳುವಿಗೆ ಉಣಿಸುವುದು, ಕಸ ತೆಗೆಯುವುದು, ಗೂಡು ಬಿಡಿಸುವುದು ಈ ಕೆಲಸಗಳ ಹೆಚ್ಚಿನ ಭಾರ ಮನೆಯ ಮಹಿಳೆಯರ ಮೇಲಿದೆ. ವರ್ಷದಲ್ಲಿ ಹಲವು ಬೆಳೆ ತೆಗೆಯಬಹುದಾದುದರಿಂದ ರಾಗಿಯಂತೆ ವರ್ಷಕ್ಕೊಮ್ಮೆ ಹಣಕ್ಕಾಗಿ ಕಾಯಬೇಕಾಗಿಲ್ಲ ಎಂಬುದು ಸಣ್ಣ ರೈತರಿಗೆ ಇದರ ಮುಖ್ಯ ಆಕರ್ಷಣೆ.

ಮಾಗಡಿಯ ಬಿತ್ತನೆ ಪ್ರದೇಶ

ಮಾಗಡಿ ತಾಲ್ಲೂಕು ನೆರೆಯ ಕುಣಿಗಲ್‌ನೊಂದಿಗೆ 'ಮೈಸೂರು ತಳಿ'ಯ ಬಿತ್ತನೆ ಗೂಡಿಗೆ ಪ್ರಸಿದ್ಧವಾಗಿದೆ. ಈ ಗೂಡುಗಳನ್ನು ನೂಲು ತೆಗೆಯಲು ಬಳಸದೆ, ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ಹೊರಬರಲು ಬಿಡುತ್ತಾರೆ. ಮೈಸೂರು ತಳಿಯ ಹೆಣ್ಣು ಚಿಟ್ಟೆಯನ್ನು ದ್ವಿತಳಿಯ ಗಂಡು ಚಿಟ್ಟೆಯೊಂದಿಗೆ ಕೂಡಿಸಿ ಪಡೆದ ಮೊಟ್ಟೆಯಿಂದ ಹಳದಿ ಛಾಯೆಯ ಮಿಶ್ರತಳಿ ಗೂಡು ದೊರೆಯುತ್ತದೆ. ಮೈಸೂರು ತಳಿಯ ಗೂಡು ಚಿಕ್ಕದು, ಅದರಲ್ಲಿ ನೂಲು ಕಡಿಮೆ. ಆದರೆ ಈ ತಳಿ ಉಷ್ಣವನ್ನೂ ರೋಗವನ್ನೂ ತಾಳಿಕೊಳ್ಳುತ್ತದೆ. ಅದರ ಈ ಗುಣವೇ ರಾಜ್ಯದ ಇತರ ಭಾಗಗಳ ಮಿಶ್ರತಳಿ ಬೆಳೆಗೆ ಆಧಾರ. ಕಡಿಮೆ ಇಳುವರಿಯ ತಳಿಯನ್ನು ಉಳಿಸಿಕೊಂಡು ಬರುತ್ತಿರುವ ಬಿತ್ತನೆ ರೈತರಿಗೆ ಸೂಕ್ತ ಬೆಲೆ ದೊರೆಯದಿದ್ದರೆ ಇಡೀ ಸರಪಣಿಯೇ ಸಡಿಲಗೊಳ್ಳುತ್ತದೆ.

ರಾಮನಗರದ ಗೂಡಿನ ಮಾರುಕಟ್ಟೆ

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯು ಏಷ್ಯಾದಲ್ಲಿಯೇ ಅತಿ ದೊಡ್ಡದೆಂದು ಹೆಸರಾಗಿದೆ. ಬಿತ್ತನೆ, ಗೂಡು ಮತ್ತು ನೂಲಿನ ವ್ಯವಹಾರವನ್ನು ನಿಯಂತ್ರಿಸುವ 1959ರ ಕಾಯಿದೆಯ ಪ್ರಕಾರ ಗೂಡಿನ ಮಾರಾಟ ನಿಗದಿತ ಮಾರುಕಟ್ಟೆಗಳಲ್ಲಿ ನಡೆಯಬೇಕು. ಕೊಳ್ಳುವ ನೂಲು ಬಿಚ್ಚಾಣಿಕೆದಾರರು, ಅಂದರೆ ರೀಲರುಗಳು, ಪರವಾನಗಿ ಹೊಂದಿರಬೇಕು. ರೈತರು ತಂದ ಗೂಡನ್ನು ಲಾಟುಗಳಾಗಿ ಸುರಿದು ಸಂಖ್ಯೆ ನೀಡಲಾಗುತ್ತದೆ. ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿ ಬೆಲೆ ಕೂಗುತ್ತಿದ್ದರು. ಬಹಿರಂಗ ಹರಾಜಿನ ಜಾಗಕ್ಕೆ ಮುಂದೆ ವಿದ್ಯುನ್ಮಾನ ಹರಾಜು ಬಂದಿತು. ಹಣವನ್ನು ರೈತರ ಬ್ಯಾಂಕ್ ಖಾತೆಗೆ ಜಮಾ ಮಾಡುವ ಪದ್ಧತಿಯೂ ಜಾರಿಗೆ ಬಂದಿತು. ತೂಕ ಮತ್ತು ಬೆಲೆ ಎಲ್ಲರಿಗೂ ಕಾಣುವಂತಾದುದು ಈ ವ್ಯವಸ್ಥೆಯ ದೊಡ್ಡ ಸಾಧನೆ. ಮಧ್ಯವರ್ತಿಯ ಮಾತಿಗೆ ತಲೆಬಾಗಬೇಕಾದ ಸ್ಥಿತಿ ಇದರಿಂದ ತಗ್ಗಿತು.

ನೂಲು ಬಿಚ್ಚಾಣಿಕೆ

ಚರಕ, ಕಾಟೇಜ್ ಬೇಸಿನ್, ಮಲ್ಟಿಎಂಡ್ ಮತ್ತು ಸ್ವಯಂಚಾಲಿತ ಯಂತ್ರಗಳೆಂದು ಬಿಚ್ಚಾಣಿಕೆಯಲ್ಲಿ ಹಲವು ಹಂತಗಳಿವೆ. ಚರಕದಲ್ಲಿ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆಯನ್ನು ಕೈಯಿಂದಲೇ ಹಿಡಿಯಬೇಕಾದುದರಿಂದ ಕೆಲಸಗಾರರ ಬೆರಳುಗಳು ಹುಣ್ಣಾಗುತ್ತವೆ. ಹೊಗೆ ಮತ್ತು ಹಬೆಯಿಂದ ಉಸಿರಾಟದ ತೊಂದರೆಗಳೂ ಉಂಟಾಗುತ್ತವೆ. ರೇಷ್ಮೆ ಘಟಕಗಳಲ್ಲಿ ಮಕ್ಕಳ ದುಡಿಮೆಯೂ ಒಂದು ಕಾಲದಲ್ಲಿ ಗಂಭೀರ ಸಮಸ್ಯೆಯಾಗಿತ್ತು. ಬಿಳಿಯ ದ್ವಿತಳಿ ಗೂಡಿನಲ್ಲಿ ಸುಮಾರು 1,000 ಮೀಟರ್ ಉದ್ದದ ಎಳೆ ಇರುತ್ತದೆ. ಸ್ವಯಂಚಾಲಿತ ಯಂತ್ರಕ್ಕೆ ಅದು ಸೂಕ್ತವಾದರೂ ಅಂತಹ ಯಂತ್ರದ ಬೆಲೆ ಸಣ್ಣ ರೀಲರಿನ ಕೈಗೆಟುಕುವಂಥದ್ದಲ್ಲ. ಗೂಡನ್ನು ನಿತ್ಯ ಹಣ ಕೊಟ್ಟು ಕೊಳ್ಳುವ ರೀಲರಿಗೆ ನೂಲು ಮಾರಾಟವಾಗುವವರೆಗೆ ದುಡಿಯುವ ಬಂಡವಾಳದ ಕೊರತೆ ಕಾಡುತ್ತದೆ. 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಯು ನೂಲನ್ನು ಕೊಂಡು ಬೆಲೆ ಕುಸಿಯದಂತೆ ತಡೆಯುವ ಉದ್ದೇಶ ಹೊಂದಿದೆ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ತೀವ್ರವಾಗಿ ಕುಸಿದು ರೈತರು ಪ್ರತಿಭಟಿಸಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. ಹಳ್ಳಿಯ ಹುಳುಮನೆಯ ಆದಾಯವು ದೂರದ ವ್ಯಾಪಾರ ನೀತಿಗೆ ಎಷ್ಟು ಬೇಗ ಒಳಗಾಗುತ್ತದೆಂಬುದನ್ನು ಈ ಪ್ರಸಂಗ ತೋರಿಸಿತು.

ಕನಕಪುರ ಮತ್ತು ಇತರ ಉಪಕಸುಬುಗಳು

ಕನಕಪುರ ತಾಲ್ಲೂಕಿನಲ್ಲಿ ರೇಷ್ಮೆಯೊಂದಿಗೆ ಹೈನುಗಾರಿಕೆ ಬಲವಾಗಿ ಬೇರೂರಿದೆ. ಗ್ರಾಮಮಟ್ಟದ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಂಗಳೂರು ಹಾಲು ಒಕ್ಕೂಟಕ್ಕೆ (ಬಮೂಲ್) ಹಾಲು ಪೂರೈಸುತ್ತವೆ. ಒಕ್ಕೂಟವು ಕನಕಪುರದಲ್ಲಿಯೂ ಡೇರಿ ಹೊಂದಿದೆ. ರೇಷ್ಮೆ ಬೆಳೆ ಕೈಕೊಟ್ಟಾಗಲೂ ಹಾಲಿನ ಹಣ ನಿಲ್ಲುವುದಿಲ್ಲವಾದುದರಿಂದ ಈ ಎರಡೂ ಕಸುಬುಗಳು ಒಂದಕ್ಕೊಂದು ಆಸರೆಯಾಗಿವೆ. ಹುಳು ತಿಂದು ಉಳಿದ ಸೊಪ್ಪಿನ ಕಡ್ಡಿ ದನಗಳಿಗೆ ಮೇವಾಗುತ್ತದೆ, ಸಗಣಿ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರವಾಗುತ್ತದೆ. ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಕಾಡಾನೆಗಳಿಂದ ಬೆಳೆಹಾನಿ ಪದೇ ಪದೇ ಉಂಟಾಗುತ್ತಿದೆ.

2000ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಮತ್ತು ಅನಂತರ ಬಂದ ಸಂಜೀವಿನಿ ಯೋಜನೆಯಡಿ ರಚನೆಯಾದ ಸ್ವಸಹಾಯ ಗುಂಪುಗಳು ಹಸು ಕೊಳ್ಳಲು, ಸಣ್ಣ ಅಂಗಡಿ ಅಥವಾ ಆಹಾರ ತಯಾರಿಕೆ ಆರಂಭಿಸಲು ಸಾಲದ ದಾರಿ ತೆರೆದಿವೆ.

ಸವಾಲುಗಳು

* ಕಚ್ಚಾವಸ್ತು: ಆಲೆ ಮರ ನೆಟ್ಟು ಬೆಳೆಸದ ಹೊರತು ಗೊಂಬೆ ಕಸುಬಿಗೆ ಸ್ಥಿರ ನೆಲೆಯಿಲ್ಲ. ನಗರದ ವಿಸ್ತರಣೆಯಿಂದ ಹಿಪ್ಪುನೇರಳೆ ತೋಟಗಳು ನಿವೇಶನಗಳಾಗುತ್ತಿವೆ.
* ಮಾರುಕಟ್ಟೆ: 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳ ಹೊರಗೆ ಹಾದುಹೋಗುತ್ತದೆ. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳಿಗೆ ಬರುತ್ತಿದ್ದ ಪ್ರವಾಸಿಗರ ಸಂಖ್ಯೆ ಇದರಿಂದ ಕುಗ್ಗಿತು.
* ನಕಲು: ಭೌಗೋಳಿಕ ಸೂಚಕವಿದ್ದರೂ ಬೇರೆಡೆ ತಯಾರಾದ ವಸ್ತುಗಳು ಚನ್ನಪಟ್ಟಣದ ಹೆಸರಿನಲ್ಲಿ ಮಾರಾಟವಾಗುವುದುಂಟು.
* ಉತ್ತರಾಧಿಕಾರ: ಕೌಶಲ ಕಲಿಯಲು ವರ್ಷಗಳು ಬೇಕು. ಗಳಿಕೆ ಅನಿಶ್ಚಿತವಾಗಿರುವಾಗ ಯುವಕರು ಕಾರ್ಖಾನೆಯ ಕೆಲಸವನ್ನೇ ಆರಿಸಿಕೊಳ್ಳುತ್ತಾರೆ.
* ಆದಾಯದ ಹಂಚಿಕೆ: ಕಚ್ಚಾವಸ್ತು, ಉಪಕರಣ ಮತ್ತು ಬೆಲೆಯ ಮಾಹಿತಿ ಉತ್ಪಾದಕರ ಕೈಯಲ್ಲಿದ್ದೆಡೆ ಲಾಭ ಅವರಿಗೆ ಸೇರಿದೆ. ಇವು ವ್ಯಾಪಾರಿಯ ಕೈಯಲ್ಲಿದ್ದೆಡೆ, ವಸ್ತುವಿನ ಕೀರ್ತಿ ಹೆಚ್ಚಿದರೂ ಕುಶಲಕರ್ಮಿ ಬಿಡಿಗೂಲಿಯವನಾಗಿಯೇ ಉಳಿದಿದ್ದಾನೆ.

ಇವನ್ನೂ ನೋಡಿ

* ಚನ್ನಪಟ್ಟಣ
* ರೇಷ್ಮೆ ಕೃಷಿ
* ಭೌಗೋಳಿಕ ಸೂಚಕ
* ಕರ್ನಾಟಕ ಹಾಲು ಮಹಾಮಂಡಳ