ಉಳಿ ಹಿಡಿಯದ ಶಿಲ್ಪಿಗಳು

ಉಳಿ, ಸುತ್ತಿಗೆಗಳಿಲ್ಲದೆ ಶಿಲ್ಪ ಮಾಡಬಹುದೇ? ಶಿಲ್ಪವೆಂದರೆ ಕಲ್ಲು, ಮರ, ಕಂಚು ಎಂಬ ನಂಬಿಕೆ ಬಹುಕಾಲ ಗಟ್ಟಿಯಾಗಿತ್ತು. ಹಳೆಯ ಅಂಗಿಗೆ ಹುಲ್ಲು ತುಂಬಿ ಹೊಲದಲ್ಲಿ ನಿಲ್ಲಿಸುವ ಬೆದರುಬೊಂಬೆಯನ್ನು ಯಾರೂ ಶಿಲ್ಪವೆಂದು ಕರೆಯಲಿಲ್ಲ. ಈ ನಂಬಿಕೆಗೆ ಬಲವಾದ ಪೆಟ್ಟು ಬಿದ್ದದ್ದು 1960ರ ದಶಕದಲ್ಲಿ.

1962ರಲ್ಲಿ ಕ್ಲೇಸ್ ಓಲ್ಡೆನ್‌ಬರ್ಗ್ ನ್ಯೂಯಾರ್ಕಿನ ಗ್ರೀನ್ ಗ್ಯಾಲರಿಯಲ್ಲಿ ಸುಮಾರು ಏಳು ಅಡಿ ಅಗಲದ ಬರ್ಗರ್ ಒಂದನ್ನು ನೆಲದ ಮೇಲಿಟ್ಟರು. ಕ್ಯಾನ್ವಾಸ್ ಬಟ್ಟೆ ಹೊಲಿದು, ಒಳಗೆ ಫೋಮ್ ರಬ್ಬರ್ ಮತ್ತು ರಟ್ಟಿನ ಡಬ್ಬಗಳನ್ನು ತುಂಬಿ, ಮೇಲೆ ಬಣ್ಣ ಬಳಿದ ಕೃತಿ ಅದು. ಅವರ ಆ ಕಾಲದ ಮೆದು ಶಿಲ್ಪಗಳನ್ನು ಹೊಲಿದುಕೊಟ್ಟವರು ಪತ್ನಿ ಪ್ಯಾಟಿ. ಹೆಸರು ಮಾತ್ರ ಬಂದದ್ದು ಪತಿಗೆ. 1967ರಲ್ಲಿ ಟೊರಾಂಟೊದ ಗ್ಯಾಲರಿ ಈ ಬರ್ಗರನ್ನು ಕೊಂಡಾಗ ಪ್ರತಿಭಟಿಸಿದವರು ಕಲಾ ವಿದ್ಯಾರ್ಥಿಗಳು! ಭಾರಿ ಗಾತ್ರದ ಕೆಚಪ್ ಬಾಟಲಿಯೊಂದನ್ನು ತಂದು ಅವರು ಗೇಲಿ ಮಾಡಿದರು.

ಅದೇ ದಶಕದಲ್ಲಿ ಪೋಲೆಂಡಿನ ಮಗ್ದಲೇನಾ ಅಬಕನೋವಿಚ್ ಹಳೆಯ ಹಗ್ಗಗಳನ್ನು ಬಿಚ್ಚಿ, ಎಳೆಗಳಿಗೆ ಬಣ್ಣ ಹಾಕಿ ನೇಯ್ದು, ಆಳೆತ್ತರ ಮೀರಿದ ಆಕೃತಿಗಳನ್ನು ತೂಗುಹಾಕಿದರು. ಗೋಡೆಗೆ ಅಂಟಿಕೊಂಡಿದ್ದ ನೇಯ್ಗೆ ಕೋಣೆಯ ನಡುವೆ ಬಂದು ನಿಂತಿತು.

ಭಾರತದಲ್ಲಿ ಈ ಹಾದಿ ಹಿಡಿದವರು ಮೃಣಾಲಿನಿ ಮುಖರ್ಜಿ (1949–2015). ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಮತ್ತು ಶಿಲ್ಪಿ ಲೀಲಾ ದಂಪತಿಯ ಮಗಳು. ಬರೋಡದ ಕಲಾಶಾಲೆಯಲ್ಲಿ ಅವರಿಗೆ ಗುರುವಾಗಿದ್ದ ಕೆ.ಜಿ. ಸುಬ್ರಮಣ್ಯನ್ ಕಲೆ ಮೇಲು, ಕರಕುಶಲ ಕೀಳು ಎಂಬ ಭೇದವನ್ನು ಒಪ್ಪದವರು. ಶಿಷ್ಯೆ ನಾರಿನ ಹಗ್ಗ ಹಿಡಿದರು. ಮಗ್ಗವಿಲ್ಲ, ಮುಂಚಿತವಾಗಿ ಬರೆದ ನಕ್ಷೆಯಿಲ್ಲ. ಬಣ್ಣ ಹಾಕಿದ ಹಗ್ಗಕ್ಕೆ ಲೋಹದ ಚೌಕಟ್ಟಿನ ಆಸರೆ ಕೊಟ್ಟು, ಕೈಯಿಂದಲೇ ಗಂಟಿನ ಮೇಲೆ ಗಂಟು ಹಾಕುತ್ತಾ ತಿಂಗಳುಗಟ್ಟಲೆ ದುಡಿದರು. ಹೂಕುಂಡ ತೂಗುಹಾಕಲು ಮನೆಗಳಲ್ಲಿ ಹೆಣೆಯುವ ಮ್ಯಾಕ್ರಮೆಯ ಗಂಟುಗಳೇ ಅವರ ಕೈಯಲ್ಲಿ ‘ಯಕ್ಷಿ’, ‘ವನಶ್ರೀ’ಗಳಾದವು.

ಈ ವಿದ್ಯೆಯ ಮೊದಲ ಪಾಠ ಭಾರದ್ದು. ಕಲ್ಲು ಕೆತ್ತಿದಂತೆಯೇ ನಿಲ್ಲುತ್ತದೆ. ಬಟ್ಟೆ, ಹಗ್ಗ ಹಾಗಲ್ಲ. ತಮ್ಮ ಭಾರಕ್ಕೆ ತಾವೇ ಜೋಲುತ್ತವೆ, ಮಡಿಕೆ ಬೀಳುತ್ತವೆ. ಎಲ್ಲಿ ಆಸರೆ ಕೊಡಬೇಕು, ಎಲ್ಲಿ ಜೋಲಲು ಬಿಡಬೇಕು ಎಂಬುದನ್ನು ಕೈಯೇ ಕಲಿಯಬೇಕು. ಎರಡನೆಯ ಪಾಠ ಬಾಳಿಕೆಯದು. ನಾರಿಗೆ ಬೆಳಕು, ತೇವ, ಹುಳುಗಳ ಕಾಟ. ಕೃತಕ ವಸ್ತುಗಳೂ ಶಾಶ್ವತವಲ್ಲ. ಫೋಮ್ ಪುಡಿಯಾಗುತ್ತದೆ, ರಬ್ಬರ್ ಹಾಲು ಒಣಗಿ ಬಿರುಸಾಗುತ್ತದೆ.

1970ರಲ್ಲಿ, 34ನೇ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ಇವಾ ಹೆಸ್ಸೆಗೆ ಇದು ಗೊತ್ತಿತ್ತು. ಆದರೂ ತೆಳುಬಟ್ಟೆಗೆ ರಬ್ಬರ್ ಹಾಲು ಬಳಿದು ಪರದೆಯಂಥ ಕೃತಿಗಳನ್ನು ಮಾಡಿದರು. 1969ರ ಅಂಥದೊಂದು ಕೃತಿ ಕಂದುಗಟ್ಟಿ, ಸೆಟೆದು ದಶಕಗಳ ಕಾಲ ಗುಗೆನ್‌ಹೈಮ್ ಸಂಗ್ರಹಾಲಯದ ಉಗ್ರಾಣದಲ್ಲಿತ್ತು. ತಜ್ಞರ ಆರೈಕೆಯ ನಂತರ 2022ರಲ್ಲಿ ಮತ್ತೆ ಜನರ ಮುಂದೆ ಬಂತು. ಆದರೆ ಹಳೆಯ ಮೆದುತನ ಮರಳಲಿಲ್ಲ.

ಮೃಣಾಲಿನಿ ತೀರಿಕೊಂಡದ್ದು 2015ರ ಫೆಬ್ರುವರಿಯಲ್ಲಿ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ಆರಂಭವಾದ ಕೆಲವೇ ದಿನಗಳಲ್ಲಿ. 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವೂ ಅವುಗಳನ್ನು ಪ್ರದರ್ಶಿಸಿತು. ಹಗ್ಗದ ಗಂಟಿಗೆ ಶಿಲ್ಪದ ಗೌರವ ದಕ್ಕಿದೆ. ಇನ್ನು ಆ ಗಂಟುಗಳನ್ನು ಬೆಳಕು, ತೇವಗಳಿಂದ ಕಾಪಾಡುವ ಹೊಣೆ ಸಂಗ್ರಹಾಲಯಗಳದು.